ಮರೆತವರೊಡನೆ ಮಾತಿನ ಧರ್ಮ

ನವರಾತ್ರಿಯಲ್ಲಿ ಸಪ್ತಶತಿಯ ಪಾರಾಯಣ ನಡೆಯುವ ಮನೆಗಳಲ್ಲಿ ಅದರ ಐದನೆಯ ಅಧ್ಯಾಯಕ್ಕೆ ವಿಶೇಷವಾದ ಆದರವುಂಟು. ಶುಂಭ ನಿಶುಂಭರಿಂದ ಸ್ಥಾನಭ್ರಷ್ಟರಾದ ದೇವತೆಗಳು ಹಿಮವತ್ಪರ್ವತಕ್ಕೆ ಹೋಗಿ ದೇವಿಯನ್ನು ಸ್ತುತಿಸುವ ಪ್ರಸಂಗವದು. ಸಕಲ ಭೂತಗಳಲ್ಲಿಯೂ ಆಕೆ ಯಾವ ಯಾವ ರೂಪದಿಂದ ನೆಲಸಿರುವಳೆಂಬುದನ್ನು ಒಂದೊಂದಾಗಿ ಹೇಳಿ, ಒಂದೊಂದು ರೂಪಕ್ಕೂ ಮತ್ತೆ ಮತ್ತೆ ನಮಸ್ಕರಿಸಲಾಗಿದೆ. ಚೇತನ, ಬುದ್ಧಿ, ನಿದ್ರೆ, ಹಸಿವು ಎಂದು ಸಾಗಿದ ಆ ಸ್ತುತಿಯಲ್ಲಿ ಕೊನೆಕೊನೆಗೆ ಸ್ಮೃತಿ ಬರುತ್ತದೆ. ಸ್ಮೃತಿಯ ಬಳಿಕ ದಯೆ, ತುಷ್ಟಿ, ಮಾತೃ. ಅವುಗಳ ಬೆನ್ನಿಗೇ ಭ್ರಾಂತಿ. ನೆನಪಾಗಿ ಇರುವವಳೇ ಭ್ರಮೆಯಾಗಿಯೂ ಇದ್ದಾಳೆ. ಎರಡಕ್ಕೂ ಸಮಾನವಾದ ನಮಸ್ಕಾರ. ಪಾರಾಯಣ ಮಾಡುವವರು ಸಾಮಾನ್ಯವಾಗಿ ಈ ಸ್ಥಳವನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ.

ಪಾರಾಯಣ ನಡೆಯುವ ಆ ಮನೆಯ ಒಳಕೋಣೆಯಲ್ಲಿ ನೆನಪು ಕಳೆದುಕೊಂಡ ವೃದ್ಧೆಯೊಬ್ಬರು ಕುಳಿತಿರಬಹುದು. ಇಂಥ ಮನೆ ಕನ್ನಡಿಗರು ನೆಲಸಿರುವ ಪ್ರತಿಯೊಂದು ಮಹಾನಗರದಲ್ಲಿಯೂ ಇದೆ. ಒಂದನ್ನು ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಕಲ್ಪಿಸಿಕೊಂಡರೆ ಸಾಕು. ಎರಡು ಕೋಣೆ, ಒಂದು ಅಡುಗೆಮನೆ. ಧಾರವಾಡದ ಮಾಳಮಡ್ಡಿಯಿಂದ ಬಂದ ಸಂಸಾರ. ಮಗ ಬೆಳಿಗ್ಗೆ ಲೋಕಲ್ ಗಾಡಿ ಹಿಡಿದು ಹೋದರೆ ಮರಳುವುದು ರಾತ್ರಿಗೆ. ಎಂಬತ್ತರ ಹತ್ತಿರದ ತಾಯಿ ಹಗಲೆಲ್ಲ ಸೊಸೆಯ ಜೊತೆಗೆ. ದೀಪ ಹಚ್ಚುವ ಹೊತ್ತಾಗುತ್ತಲೂ ಆಕೆಗೆ ಕಳವಳ ಆರಂಭವಾಗುತ್ತದೆ. ಸೀರೆಯೆರಡನ್ನು ಗಂಟುಕಟ್ಟಿ ಬಾಗಿಲಲ್ಲಿ ನಿಂತು, "ಕತ್ತಲಾತು, ಮನಿಗೆ ಹೋಗೂಣು ನಡಿ" ಎನ್ನುತ್ತಾರೆ. ಸೊಸೆ ಮೊದಮೊದಲು ತಿಳಿಯಹೇಳುತ್ತಿದ್ದಳು. ಈಗ, "ಇದ ನಿಮ್ಮ ಮನೀರಿ! ದಿನಾ ಎಷ್ಟ ಸರತೆ ಹೇಳಬೇಕು? ಸುಮ್ಮ ಕೂಡ್ರಿ, ಇಲ್ಲಂದ್ರ ಆಶ್ರಮಕ್ಕ ಬಿಟ್ಟ ಬರ್ತೀವಿ" ಎನ್ನುತ್ತಾಳೆ. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಸಂಘದವರೂ ನೆರೆಯವರೂ ಬರುತ್ತಾರೆ. ಹಿಂದಿನ ವರ್ಷ ಆ ತಾಯಿ ಬಂದವರೆದುರಿಗೆ, ತನಗೆ ಎರಡು ದಿನದಿಂದ ಊಟವಿಲ್ಲವೆಂದು ಹೇಳಿಬಿಟ್ಟಿದ್ದರು. ಆದುದರಿಂದ ಈ ಸಲ ಒಳಕೋಣೆಯ ಚಿಲಕವನ್ನು ಹೊರಗಿನಿಂದ ಹಾಕಲಾಯಿತು. ಅತಿಥಿಗಳು ಕೇಳಿದರೆ, ಮಲಗಿದ್ದಾರೆಂಬ ಉತ್ತರ.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ತಾಯಿಗೆ ಊಟವಿದೆ, ಔಷಧವಿದೆ, ತೊಳೆದ ಬಟ್ಟೆಯಿದೆ. ಕೈಯೆತ್ತಿದವರಿಲ್ಲ. ಮಾತಿನ ವಿಷಯ ಬಂದಾಗ ಮನೆಯವರು ಹೇಳುವ ಸಮಾಧಾನ ಒಂದೇ: "ಹತ್ತು ನಿಮಿಷದ ಮೇಲೆ ಅವರಿಗೆ ಯಾವುದೂ ನೆನಪಿರುವುದಿಲ್ಲ." ಇದು ಉದಾಸೀನದ ಮಾತಲ್ಲ, ಒಂದು ತರ್ಕ. ನೋವಾದದ್ದು ನೋವುಂಡವರಿಗೇ ತಿಳಿಯದಿದ್ದಮೇಲೆ ಅಪರಾಧವೆಲ್ಲಿ? ಆದರೆ ಸಾಲ ಕೊಟ್ಟವನ ಲೆಕ್ಕದ ಪುಸ್ತಕ ಬೆಂಕಿಯಲ್ಲಿ ಸುಟ್ಟುಹೋದರೆ ತೆಗೆದುಕೊಂಡವನ ಸಾಲ ತೀರಿದಂತಾಯಿತೆ ಎಂದು ಕೇಳಿದರೆ, ಅದೇ ಮನೆಯವರು ಇಲ್ಲವೆಂದೇ ಹೇಳುವರು.

ಇರಲಿ, ಪುಸ್ತಕ ನಿಜವಾಗಿಯೂ ಸುಟ್ಟಿದೆಯೆ ಎಂಬುದನ್ನೇ ಮೊದಲು ನೋಡಬೇಕು. 1911ರಲ್ಲಿ ಜಿನೀವಾದ ಮನೋವಿಜ್ಞಾನಿ ಎದುವಾರ್ ಕ್ಲಾಪರೇದ್ ಒಂದು ಸಣ್ಣ ಪರೀಕ್ಷೆಯನ್ನು ವರ್ಣಿಸಿದನು. ಹೊಸ ಸಂಗತಿ ಯಾವುದನ್ನೂ ನೆನಪಿನಲ್ಲಿಡಲಾರದ ರೋಗಿಯೊಬ್ಬಳು ಅವನಲ್ಲಿದ್ದಳು. ಪ್ರತಿದಿನ ಕಂಡ ವೈದ್ಯನೂ ಆಕೆಗೆ ಪ್ರತಿದಿನವೂ ಅಪರಿಚಿತ. ಒಮ್ಮೆ ಅವನು ಬೆರಳುಗಳ ನಡುವೆ ಗುಂಡುಸೂಜಿಯನ್ನು ಅಡಗಿಸಿಕೊಂಡು ಆಕೆಯ ಕೈಕುಲುಕಿದನು. ಚುಚ್ಚಿದ ನೋವನ್ನು ಆಕೆ ಬೇಗನೆ ಮರೆತಳು. ಆದರೆ ಬಳಿಕ ಅವನು ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂಬುದನ್ನು ಸರಿಯಾಗಿ ಹೇಳಲಾರದೆ ಹೋದಳು. ರೋಗಿಗೆ ಸೂಜಿ ಚುಚ್ಚಿ ನೋಡಿದ ಆ ವೈದ್ಯನ ನಡತೆಯನ್ನು ಇಂದು ಯಾರೂ ಮೆಚ್ಚಲಾರರು; ಅವನು ಕಂಡ ಸಂಗತಿ ಮಾತ್ರ ಉಳಿದುಕೊಂಡಿದೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್‌ಝೈಮರ್ ಕಾಯಿಲೆಯ 17 ಮಂದಿಗೆ ದುಃಖದ ಚಿತ್ರತುಣುಕುಗಳನ್ನೂ ಬೇರೊಮ್ಮೆ ಸಂತೋಷದ ತುಣುಕುಗಳನ್ನೂ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರದ ಕಥೆ ಬಹುಮಟ್ಟಿಗೆ ಮರೆತುಹೋಗಿತ್ತು, ದುಃಖ ಹೋಗಿರಲಿಲ್ಲ. ಯಾರಿಗೆ ಚಿತ್ರ ಕಡಿಮೆ ನೆನಪಿತ್ತೋ ಅವರಲ್ಲಿ ದುಃಖ ಹೆಚ್ಚು ಹೊತ್ತು ನಿಂತಿತ್ತು.

ಡೊಂಬಿವಲಿಯ ಆ ಸಂಜೆಗೆ ಇದನ್ನು ಹೊಂದಿಸಿ ನೋಡಿದರೆ ಮನೆಯವರ ಸಮಾಧಾನ ತಲೆಕೆಳಗಾಗುತ್ತದೆ. ನೆನಪುಳ್ಳವನಿಗೆ ಯಾರಾದರೂ ಬೈದರೆ ಅವನು ಕಾರಣವನ್ನು ಹುಡುಕಬಲ್ಲನು: ಬೈದವಳು ದಣಿದಿದ್ದಳು, ನಾಳೆ ಸರಿಹೋಗುವಳು ಎಂದುಕೊಳ್ಳಬಲ್ಲನು; ಮರುಮಾತು ಆಡಬಲ್ಲನು, ಕ್ಷಮಿಸಲೂ ಬಲ್ಲನು. ಈ ತಾಯಿಗೆ ಅವೊಂದೂ ಇಲ್ಲ. ಆಶ್ರಮವೆಂಬ ಮಾತು ಮರೆತಿದೆ, ಎದೆಯ ನಡುಕ ಮಾತ್ರ ಇದೆ. ಏಕೆ ನಡುಗುತ್ತಿದ್ದೇನೆಂಬುದು ತಿಳಿಯದೆ ನಡುಗುತ್ತ ಕುಳಿತವರು ಮತ್ತೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಾರೆ, ಮತ್ತೆ ಬೈಗುಳ. ತಾನು ಯಾವುದನ್ನು ನಿಲ್ಲಿಸಬೇಕೆಂದು ಗದರುತ್ತಿರುವಳೋ ಅದನ್ನು ತನ್ನ ಗದರಿಕೆಯೇ ಬೆಳೆಸುತ್ತಿದೆಯೆಂಬುದು ಸೊಸೆಗೆ ತಿಳಿದಿಲ್ಲ.

ಕನ್ನಡದಲ್ಲಿ ಅರವತ್ತಕ್ಕೆ ಅರಳುಮರಳು ಎಂಬ ಗಾದೆಯುಂಟು. ವಯಸ್ಸಾದ ಮೇಲೆ ಬುದ್ಧಿ ಹೀಗಾಗುವುದು ಸಹಜವೆಂಬ ಭಾವನೆ ಅದರೊಳಗಿದೆ. ಸ್ವಲ್ಪ ನಗುವೂ ಇದೆ. ಡಿಮೆನ್ಷಿಯಾ ಎಂಬುದು ಮುಪ್ಪಿನ ಸಹಜಸ್ಥಿತಿಯಲ್ಲ, ಮಿದುಳಿನ ರೋಗಗಳಿಂದುಂಟಾಗುವ ಅವಸ್ಥೆ. ಅವುಗಳಲ್ಲಿ ಹೆಚ್ಚು ಸಾಮಾನ್ಯವಾದುದು ಆಲ್‌ಝೈಮರ್ ಕಾಯಿಲೆ. ಭಾರತದಲ್ಲಿ ಅರುವತ್ತು ಮೀರಿದವರ ಪೈಕಿ ಶೇಕಡ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಅವಸ್ಥೆ ಇರುವುದೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜು ಮಾಡಿತು. ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರನು 1906ರಲ್ಲಿ ಮೊದಲು ವರ್ಣಿಸಿದ ರೋಗಿ 51 ವಯಸ್ಸಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದವಳು. ಆಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಮರೆವಲ್ಲ, ಗಂಡನ ಮೇಲಿನ ಶಂಕೆ. ಇದನ್ನು ನೆನೆದರೆ ಮನೆಯೊಳಗಿನ ಎಷ್ಟೋ ಜಗಳಗಳ ಅರ್ಥ ಬೇರೆಯಾಗುತ್ತದೆ. "ಸೊಸಿ ನನ್ನ ಬಿಲ್ವಾರ ಕದ್ದಾಳ" ಎಂದು ಅತ್ತೆ ಹೇಳುವಾಗ ಮಾತಾಡುತ್ತಿರುವುದು ರೋಗ. ಇಟ್ಟ ಸ್ಥಳ ಮರೆತಿದೆ; ಮರೆತಿರುವುದೂ ಮರೆತಿದೆ; ಆದ್ದರಿಂದ ಯಾರೋ ಕದ್ದಿರಲೇಬೇಕು. ಕೇಳಿಸಿಕೊಳ್ಳುವವಳಿಗೆ ಅದು ಮೂವತ್ತು ವರ್ಷ ದುಡಿದುದಕ್ಕೆ ಸಿಕ್ಕಿದ ಬಿರುದು. ಇಷ್ಟನ್ನು ಅರಿಯದ ಹೊರತು, ತಾಳಿಕೊಳ್ಳಿರೆಂದು ಆಕೆಗೆ ಉಪದೇಶ ಮಾಡುವುದು ಸುಲಭವೇ ಹೊರತು ನ್ಯಾಯವಲ್ಲ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸನು 1997ರ ತನ್ನ ಗ್ರಂಥದಲ್ಲಿ ಇಂಥ ರೋಗಿಗಳ ವ್ಯಕ್ತಿತ್ವವನ್ನು ಸವೆಸುವ ನಡವಳಿಕೆಗಳನ್ನು ಹದಿನೇಳು ಬಗೆಯಾಗಿ ಹೆಸರಿಸಿದನು. ಮೋಸಗೊಳಿಸುವುದು, ಹೆದರಿಸುವುದು, ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲದವರಂತೆ ಮಾತಾಡುವುದು, ದೂರವಿಡುವುದು, ಗೇಲಿ ಮಾಡುವುದು ಅವುಗಳಲ್ಲಿ ಕೆಲವು. ಮಾಡುವವರಲ್ಲಿ ದುರುದ್ದೇಶವಿರುವುದಿಲ್ಲವೆಂಬುದನ್ನೂ ಅವನು ಒತ್ತಿ ಹೇಳಿದನು. ಆ ಪಟ್ಟಿಗೆ ಭಾರತದ ಸಂಸಾರಗಳಿಂದ ಉದಾಹರಣೆ ಹುಡುಕಲು ಕಷ್ಟಪಡಬೇಕಾದುದಿಲ್ಲ. ನೆಂಟರು ಬಂದಾಗ, "ಅಜ್ಜೀ, ಇವರು ಯಾರು ಹೇಳು ನೋಡೋಣ" ಎಂದು ಪರೀಕ್ಷೆಗೆ ನಿಲ್ಲಿಸುವುದು ಅಂಥದೊಂದು ವಿನೋದ. ಉತ್ತರ ತಪ್ಪಿದರೆ ಎಲ್ಲರೂ ನಗುತ್ತಾರೆ; ಏಕೆಂದು ತಿಳಿಯದೆ ಅಜ್ಜಿಯೂ ನಗುತ್ತಾಳೆ. ಈಚೆಗೆ ಆ ನಗುವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನ ಮೂಲಕ ಬಂಧುವರ್ಗಕ್ಕೆಲ್ಲ ಹಂಚುವ ರೂಢಿಯೂ ಬಂದಿದೆ.

ಮನೆಯ ಹೊರಗೂ ಇದು ನಡೆಯುತ್ತದೆ. ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರಕ್ಕಾಗಿ ಪಿಂಚಣಿದಾರರು ಬ್ಯಾಂಕಿಗೆ ಬರುವುದನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಒಂದು ಕಾಲಕ್ಕೆ ನೂರಾರು ಹುಡುಗರ ಅಕ್ಷರ ತಿದ್ದಿದ ಹೆಡ್‌ಮಾಸ್ತರರು ಕೌಂಟರಿನ ಮುಂದೆ ಪೆನ್ನು ಹಿಡಿದು ನಿಂತಿದ್ದಾರೆ, ಸಹಿ ಬರುತ್ತಿಲ್ಲ. ಹಿಂದೆ ಸಾಲು ಬೆಳೆಯುತ್ತಿದೆ. "ಇವರಿಗೆ ಏನೂ ತಿಳಿಯುವುದಿಲ್ಲ, ನನ್ನನ್ನು ಕೇಳಿ" ಎಂದು ಮಗ ಅವರ ತಲೆಯ ಮೇಲಿನಿಂದ ಹೇಳುತ್ತಾನೆ. ಒಳಗೆ ಕುಳಿತ ಗುಮಾಸ್ತನೂ ಅಂದಿನಿಂದ ಮಗನೊಡನೆಯೇ ಮಾತಾಡುತ್ತಾನೆ. ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರೆ ನಿಯಮದ ಕೆಲಸ ಮುಗಿಯುತ್ತದೆ. ಆದರೆ ಶಾಯಿ ಹತ್ತಿದ ತಮ್ಮ ಹೆಬ್ಬೆರಳನ್ನು ಆ ಮಾಸ್ತರರು ನೋಡಿಕೊಳ್ಳುವ ರೀತಿಯನ್ನು ಒಮ್ಮೆ ಕಂಡವರು, ಇವರಿಗೆ ಏನೂ ತಿಳಿಯುವುದಿಲ್ಲವೆಂಬ ಮಾತನ್ನು ಮತ್ತೆ ನಂಬಲಾರರು.

ಇಲ್ಲಿ ಕಠಿನವಾದ ಪ್ರಶ್ನೆಯೊಂದು ಎದುರಾಗುತ್ತದೆ. ಆ ತಾಯಿ ಸಂಜೆಗೆ ಕೇಳುತ್ತಾರೆ: "ಅವರು ಇನ್ನೂ ಬರಲಿಲ್ಲೇನು?" ಗಂಡ ತೀರಿಕೊಂಡು ಹನ್ನೊಂದು ವರ್ಷ. ನಿಜವನ್ನು ಹೇಳಿದರೆ ಆಕೆ ಅದೇ ಗಳಿಗೆಯಲ್ಲಿ ಹೊಸದಾಗಿ ವಿಧವೆಯಾಗುತ್ತಾರೆ. ಮರುದಿನ ಮತ್ತೆ ಕೇಳುತ್ತಾರೆ, ಮತ್ತೆ ವಿಧವೆಯಾಗುತ್ತಾರೆ. ಸತ್ಯವನ್ನು ಹೇಳಿದೆನೆಂಬ ಹೆಮ್ಮೆ ಹೇಳಿದವನಿಗೆ ಉಳಿಯಬಹುದು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟ ಕೌಶಿಕ, ಅಡಗಿಕೊಂಡ ಜನರ ಜಾಡನ್ನು ಬೆನ್ನಟ್ಟಿ ಬಂದ ದಸ್ಯುಗಳಿಗೆ ತೋರಿಸಿಕೊಟ್ಟು, ಅವರ ಕೊಲೆಗೆ ಕಾರಣನಾಗಿ, ನರಕಕ್ಕೆ ಹೋದನು. ಹಾಗೆಂದು ಸುಳ್ಳಿಗೆ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಕಿಟ್‌ವುಡ್ಡನ ಪಟ್ಟಿಯಲ್ಲಿ ಮೊದಲು ನಿಂತಿರುವುದೇ ಮೋಸ. ಊರಿಗೆ ಹೋಗೋಣವೆಂದು ರಿಕ್ಷಾ ಹತ್ತಿಸಿ ಆಸ್ಪತ್ರೆಯಲ್ಲಿ ಇಳಿಸಿದರೆ ಅಂದಿನ ಕೆಲಸ ಸುಲಭವಾಗುತ್ತದೆ. ಆದರೆ ಮುಂದಿನ ಸಲ ರಿಕ್ಷಾ ಕಂಡಾಗ ಆ ತಾಯಿ ಜಿನೀವಾದ ರೋಗಿಯಂತೆ ಕೈ ಹಿಂದಕ್ಕೆಳೆದುಕೊಳ್ಳುವರು.

ಸತ್ಯದಿಂದ ಇರಿಯುವುದಕ್ಕೂ ಸುಳ್ಳಿನಿಂದ ಎಳೆದೊಯ್ಯುವುದಕ್ಕೂ ನಡುವೆ ಒಂದು ಕಿರುದಾರಿಯುಂಟು. "ಅವರು ಬಂದ್ರ ಏನ ಮಾಡಿ ಬಡಸ್ತಿದ್ರಿ, ಅತ್ಯಾ?" ಎಂದು ಕೇಳಬಹುದು. ಅದು ಸುಳ್ಳಲ್ಲ, ಮರಣವಾರ್ತೆಯೂ ಅಲ್ಲ. ಗಂಡನನ್ನು ಕಾಯುವ ಆ ಕಾತರದ ಬಳಿ ಹೋಗಿ ಕುಳಿತುಕೊಳ್ಳುವುದಷ್ಟೆ. ಮಾಡಿದ ಅಡುಗೆ, ಹಾಕಿದ ಮಣೆ, ಅವರ ಮುಂಗೋಪ ಎಂದು ಮಾತು ಹರಿದರೆ ಅರ್ಧ ಗಂಟೆ ಕಳೆದು, ಕಾಯುವಿಕೆ ತಾನಾಗಿ ಸಡಿಲಗೊಳ್ಳಬಹುದು. ಯಾವಾಗಲೂ ಹೀಗಾಗುವುದೆಂದಲ್ಲ. ಯಾವ ಮಾತು ಸರಿ, ಯಾವುದು ತಪ್ಪು ಎಂಬ ಸಂದೇಹ ಬಂದಾಗ, ಇದು ಯಾರ ಅನುಕೂಲಕ್ಕಾಗಿ ಆಡುತ್ತಿರುವ ಮಾತು ಎಂದು ತನ್ನನ್ನೇ ಕೇಳಿಕೊಂಡರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ನಡುರಾತ್ರಿ ಎರಡು ಗಂಟೆಗೆ, ಮೂರನೆಯ ಸಲ ಎಬ್ಬಿಸಲ್ಪಟ್ಟವಳಿಗೆ ಈ ವಿವೇಚನೆ ಸಾಧ್ಯವೆ ಎಂಬುದು ಬೇರೆ ಮಾತು.

ಬೇರೆ ಮಾತಾದರೂ ಮುಖ್ಯವಾದ ಮಾತು ಅದೇ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೋಪದಿಂದ ಮೋಹವೂ ಮೋಹದಿಂದ ಸ್ಮೃತಿಭ್ರಂಶವೂ ಅದರಿಂದ ಬುದ್ಧಿನಾಶವೂ ಉಂಟಾಗುವುದೆಂದು ಹೇಳಿದೆ. ಅಲ್ಲಿ ನೆನಪು ಕಳೆದುಕೊಳ್ಳುವವನು ರೋಗಿಯಲ್ಲ, ಸಿಟ್ಟಾದವನು. ಡೊಂಬಿವಲಿಯ ಆ ಸಂಜೆ ಬಾಗಿಲ ಬಳಿ ಇಬ್ಬರು ನಿಂತಿರುತ್ತಾರೆ. ಒಬ್ಬರ ಸ್ಮೃತಿ ರೋಗದಿಂದ ಹೋಗಿದೆ. ಇನ್ನೊಬ್ಬಳದು ಸಿಟ್ಟಿನಿಂದ, ಅಷ್ಟು ಹೊತ್ತಿನ ಮಟ್ಟಿಗೆ. ಎದುರಿಗಿರುವವರು ರೋಗಿ ಎಂಬುದನ್ನು ಆಕೆಯೂ ಮರೆತಿದ್ದಾಳೆ. ಅದಕ್ಕಿಂತ ಆಳದಲ್ಲಿ ಹಳೆಯ ಲೆಕ್ಕವೊಂದಿರುವುದೂ ಉಂಟು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಅತ್ತೆ ಆಡಿದ ಮಾತು, ತವರಿಗೆ ಕಳಿಸದೆ ನಿಲ್ಲಿಸಿಕೊಂಡ ಆ ಒಂದು ನಾಗರಪಂಚಮಿ, ಎಲ್ಲವೂ ಸೊಸೆಯ ಪುಸ್ತಕದಲ್ಲಿ ಬರೆದಿದೆ. ಈಗ ಬಲ ಕೈಬದಲಾಗಿದೆ. ಆದರೆ ವಸೂಲು ಮಾಡಲು ಹೋದರೆ ಸಾಲಗಾರಳೇ ಅಲ್ಲಿಲ್ಲ. ಆ ಮಾತನ್ನಾಡಿದ ಅತ್ತೆ ಎಂದೋ ಹೊರಟುಹೋಗಿದ್ದಾಳೆ. ಗಂಟು ಹಿಡಿದು ನಿಂತ ಈ ಹೆದರಿದ ಜೀವಕ್ಕೆ ಅದರ ಅರಿವೇ ಇಲ್ಲ. ಸೊಸೆಗಾದ ಅನ್ಯಾಯವೂ ಹಾಗೆಯೇ ಅನಾಥವಾಗಿ ಉಳಿಯುತ್ತದೆ. ಇದನ್ನು ಯಾರಾದರೊಬ್ಬರ ಬಳಿ ಹೇಳಿಕೊಳ್ಳಲು ಆಕೆಗೆ ಅವಕಾಶ ಬೇಕು. ಅದಿಲ್ಲದಾಗ ಅದು ಊಟದ ತಟ್ಟೆಯನ್ನು ಕುಕ್ಕುವ ಸದ್ದಿನಲ್ಲಿ ಹೊರಬರುತ್ತದೆ.

ಇಂಥ ರೋಗಿಗಳ ಆರೈಕೆಯನ್ನು ಕುರಿತು ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಎಂಬವರು 1981ರಲ್ಲಿ ಬರೆದ ಪುಸ್ತಕಕ್ಕೆ ಮೂವತ್ತಾರು ಗಂಟೆಗಳ ದಿನ ಎಂಬರ್ಥದ ಹೆಸರಿಟ್ಟರು. ಆ ಮೂವತ್ತಾರು ಗಂಟೆಗಳನ್ನು ಭಾರತದಲ್ಲಿ ಬಹುತೇಕ ಹೊರುವವಳು ಹೆಣ್ಣು: ಹೆಂಡತಿ, ಮಗಳು, ಸೊಸೆ. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಹಿರಿಯ ಮಗ ಭಾನುವಾರ ಫೋನು ಮಾಡುತ್ತಾನೆ. ರೋಗದ ಆರಂಭದ ದಿನಗಳಲ್ಲಿ ಐದು ನಿಮಿಷದ ಕುಶಲಪ್ರಶ್ನೆಯನ್ನು ತಾಯಿ ಚೆನ್ನಾಗಿಯೇ ನಿಭಾಯಿಸಬಲ್ಲರು. "ಅಮ್ಮ ಸರಿಯಾಗಿಯೇ ಇದ್ದಾಳಲ್ಲ, ನೀವೇ ಅತಿ ಮಾಡುತ್ತೀರಿ" ಎಂದು ಅವನು ತೀರ್ಪುಕೊಡುತ್ತಾನೆ. ಆರೈಕೆ ಮಾಡುವವಳ ಮೇಲೆ ನಡೆಯುವ ಮಾನಸಿಕ ಹಿಂಸೆಯೂ ಇದೇ ಎನ್ನಬೇಕು. ಮರುದಿನ ಅದು ರೋಗಿಯ ಕಡೆಗೆ ಹರಿಯುತ್ತದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು, ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳ ಸೆರೆಯನ್ನೋ ಐದು ಸಾವಿರ ರೂಪಾಯಿಗಳವರೆಗಿನ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಿತು. ಅದು ಇರಬೇಕಾದ ಕಾಯಿದೆಯೇ. ಆದರೆ ತೊರೆಯದೆ ಮನೆಯಲ್ಲಿಟ್ಟುಕೊಂಡು ಮಾತಿನಲ್ಲಿ ದಿನವೂ ತೊರೆಯುವವರ ಬಳಿಗೆ ಅದು ಹೋಗಲಾರದು. ಭಾನುವಾರದ ಫೋನಿನವನ ಬಳಿಗೂ ಹೋಗಲಾರದು.

ಅಲ್ಲಿಗೆ ಹೋಗಬಲ್ಲವರು ನೆರೆಯವರು. ಪರಊರಿನ ಕನ್ನಡ ಸಂಘಗಳಿಗೆ ಇಲ್ಲಿ ಬೇರೆಯವರಿಂದಾಗದ ಒಂದು ಕೆಲಸವಿದೆ. ಈ ಕಾಯಿಲೆ ಮುಂದುವರಿದಂತೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿಹೋಗಿ ತಾಯ್ನುಡಿಯೇ ಉಳಿಯುತ್ತದೆ. ನಲವತ್ತು ವರ್ಷ ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡಿದ ತಾಯಿಗೆ ಈಗ ಧಾರವಾಡದ ಮಾತೊಂದೇ ಗತಿ. ಸಂಬಳ ಕೊಟ್ಟು ಇಟ್ಟುಕೊಂಡ ದಾದಿಗೆ ಕನ್ನಡ ತಿಳಿಯದು, ಮೊಮ್ಮಕ್ಕಳಿಗೂ ಅಷ್ಟಕ್ಕಷ್ಟೆ. ಹೀಗೆ ಒಂದೇ ಮನೆಯಲ್ಲಿ ಆಕೆ ಪರದೇಶಿಯಾಗುತ್ತಾರೆ. ಸಂಘದ ಇಬ್ಬರು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಎರಡು ಗಂಟೆ ಬಂದು ಕುಳಿತು ಕನ್ನಡದಲ್ಲಿ ಮಾತಾಡಿದರೆ, ಎರಡು ದೇವರನಾಮ ಹಾಡಿದರೆ, ಆ ತಾಯಿಗೆ ಊರು ಸಿಕ್ಕಂತೆ. ಸೊಸೆಗೆ ಅಷ್ಟು ಹೊತ್ತು ಹೊರಗಿನ ಗಾಳಿ. ಮಗನ ಹೆಸರು ಮರೆತ ಬಾಯಿ ಬಾಲ್ಯದಲ್ಲಿ ಕಲಿತ ಹಾಡಿನ ಚರಣವನ್ನು ತಪ್ಪದೆ ಹಾಡುವುದು ಅನೇಕ ಮನೆಗಳಲ್ಲಿ ಕಂಡ ಸಂಗತಿ. ಇದಕ್ಕೆ ನಿಧಿಸಂಗ್ರಹವಾಗಲಿ ಸಭಾಭವನವಾಗಲಿ ಬೇಕಾಗಿಲ್ಲ. ಬಹುಶಃ ಆದ್ದರಿಂದಲೇ ಇದು ಕಾರ್ಯಕಾರಿ ಸಮಿತಿಯ ಮುಂದೆ ಬರುವುದಿಲ್ಲ. ರೋಗದ ಬಗೆಗೆ ತಿಳಿವಳಿಕೆ ಬೇಕಾದವರಿಗೆ 1992ರಲ್ಲಿ ಕೇರಳದಲ್ಲಿ ಆರಂಭವಾಗಿ ಹಲವು ನಗರಗಳಲ್ಲಿ ಶಾಖೆ ತೆರೆದ ಆಲ್‌ಝೈಮರ್ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಿರಿಯರ ಸಂಕಟಕ್ಕೆಂದು 14567 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಯೂ ಇದೆ.

ಡೊಂಬಿವಲಿಯ ಮನೆಗೆ ಹೀಗೆ ಇಬ್ಬರು ಬರತೊಡಗಿದರೆಂದು ಭಾವಿಸಬೇಕು. ಒಂದು ವರ್ಷದಲ್ಲಿ ರೋಗ ಕಡಿಮೆಯಾಗಲಿಲ್ಲ, ಹೆಚ್ಚಿತು. ಸೊಸೆ ಈಗಲೂ ಒಮ್ಮೊಮ್ಮೆ ಗದರುತ್ತಾಳೆ; ಗದರಿದ ಮೇಲೆ ಅತ್ತೆಯ ಕೈಹಿಡಿದು ಕುಳಿತುಕೊಳ್ಳುತ್ತಾಳೆ, ಕಾರಣ ಅವರಿಗೆ ನೆನಪಿರಲಿ ಇಲ್ಲದಿರಲಿ. ಸಂಜೆ ಗಂಟು ಕಟ್ಟಿದಾಗ, ಮಾಳಮಡ್ಡಿಯ ಮನೆಯ ಹಿತ್ತಲಲ್ಲಿ ಯಾವ ಯಾವ ಗಿಡವಿತ್ತೆಂದು ಕೇಳುತ್ತಾಳೆ. ಹೊರಗೆ ಲೋಕಲ್ ಗಾಡಿಯ ಸದ್ದು ಕೇಳಿದರೆ ಆ ತಾಯಿ, ಮನೆ ಸ್ಟೇಷನ್ನಿಗೆ ಹತ್ತಿರವೇ ಇದೆಯಲ್ಲ ಎನ್ನುತ್ತಾರೆ. ಧಾರವಾಡದಲ್ಲಿಯೂ ಹತ್ತಿರವೇ ಇತ್ತು.

ಆ ವಿಜಯದಶಮಿಯಂದು ಒಳಕೋಣೆಗೆ ಚಿಲಕ ಹಾಕಲಿಲ್ಲ. ಮುಂಚೂಣಿಯ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟು ಕುಳಿತ ತಾಯಿಗೆ ಬಂದವರೆಲ್ಲ ಬನ್ನಿ ಕೊಟ್ಟು ಕಾಲುಮುಟ್ಟಿದರು. ತನಗೆ ಊಟವಿಲ್ಲವೆಂದು ಅವರು ಈ ಸಲವೂ ಹೇಳಿದರು. ಸಂಘದ ಹೆಣ್ಣುಮಕ್ಕಳು ತಮ್ಮ ತಟ್ಟೆಯ ಹೋಳಿಗೆಯನ್ನು ಮುರಿದುಕೊಟ್ಟರು, ಅಲ್ಲಿಗೆ ಮುಗಿಯಿತು. ಎಲ್ಲರೂ ಹೋದ ಮೇಲೆ ಸೊಸೆ ಬಾಗಿಲ ಬಳಿಯಿಂದ ಬಂದು ಬನ್ನಿಯೆಲೆಗಳನ್ನು ಅತ್ತೆಯ ಕೈಯಲ್ಲಿಟ್ಟು ನಮಸ್ಕರಿಸಿದಳು. ಅವರು ಬಹಳ ಹೊತ್ತು ಆಕೆಯ ಮುಖವನ್ನು ನೋಡಿದರು.

"ನೀವು ಯಾರ ಮನಿಯವರವಾ?"

"ನಿಮ್ಮ ಮನಿಯಾಕೀನ, ಅತ್ಯಾ."

"ಹೌದೇನು? ಹಂಗಾರ ಒಳಗ ಬಾ. ಹೊರಗ ಯಾಕ ನಿಂತಿ?"